ಹಗಲಿಗೆ ಕೌದಿ ಹೊದಿಸಿದ ಮಕ್ತುಂಬೀ

ನನ್ನ ಓರಿಗೆಯ ಮಸ್ಕಿಯ ಹುಡುಗರು ಗಂಡಸರಾದದ್ದು ಯಾವಾಗ ಎಂದು ಕೇಳಿದರೆ ಹೇಳುವುದು ಕಷ್ಟ. ಶಾಲೆಯ ದಾಖಲೆಯನ್ನು ನಂಬುವಂತಿಲ್ಲ. ನಮ್ಮ ಹೆಡ್‌ಮಾಸ್ತರರು ತರಗತಿಯ ಅರ್ಧ ಮಂದಿಯನ್ನು ಜೂನ್ ಒಂದನೇ ತಾರೀಕಿಗೇ ಹುಟ್ಟಿಸಿಬಿಟ್ಟಿದ್ದರು. ತಾಯಂದಿರನ್ನು ಕೇಳಿದರೆ ದೊಡ್ಡ ಮಳೆ ಬಂದ ವರ್ಷ ಎನ್ನುತ್ತಿದ್ದರು, ಅಂಥ ಮಳೆ ನಮ್ಮ ಕಡೆ ಯಾವ ವರ್ಷ ಬಂದಿತ್ತೋ ದೇವರಿಗೇ ಗೊತ್ತು. ಈ ವಿಷಯದಲ್ಲಿ ಖಚಿತ ತೀರ್ಪು ಕೊಡುವ ಅಧಿಕಾರ ಊರಿನಲ್ಲಿ ಒಬ್ಬಳಿಗೇ ಇತ್ತು. ಆಕೆ ಅಮರಗುಂಡಪ್ಪ ಸಾವ್ಕಾರನ ಟೂರಿಂಗ್ ಟಾಕೀಸಿನಲ್ಲಿ ಹೆಂಗಸರ ಗೇಟು ಕಾಯುತ್ತಿದ್ದ ಮಕ್ತುಂಬೀ.

ಟಾಕೀಸು ಎಂದರೆ ಊರ ಹೊರಗೆ ಹಳ್ಳದ ದಂಡೆಯಲ್ಲಿ ನಿಂತಿದ್ದ ಒಂದು ಡೇರೆ. ಒಳಗೆ ನಡುಮಟ್ಟದ ಮಣ್ಣಿನ ಗೋಡೆ. ಗೋಡೆಯ ಈಚೆ ಗಂಡಸರು, ಆಚೆ ಹೆಂಗಸರು. ಸಣ್ಣ ಗಂಡುಮಕ್ಕಳು ತಾಯಿಯ ಜೊತೆ ಆಚೆಗೆ ಕೂರುವ ರೂಢಿ. ಎಷ್ಟರ ತನಕ ಸಣ್ಣವರು ಎಂಬುದಕ್ಕೆ ಮಕ್ತುಂಬೀಯ ಬಲಗೈಯೇ ಅಳತೆ. ಆಕೆ ಗೇಟಿನಲ್ಲಿ ಸ್ಟೂಲಿನ ಮೇಲೆ ಕುಳಿತು ಕೈಯನ್ನು ಅಡ್ಡ ಚಾಚುತ್ತಿದ್ದಳು. ತಲೆ ತಾಗದೆ ಕೈಯ ಕೆಳಗೆ ನುಸುಳಿದವನು ಹುಡುಗ, ತಾಯಿಯ ಮಡಿಲಿಗೆ ಹೋಗಬಹುದು. ಯಾರ ತಲೆ ತಾಗಿ ಬಳೆ ಘಲ್ಲೆಂದವೋ ಅವನು ಆ ಕ್ಷಣದಿಂದ ಗಂಡಸು. ಟಿಕೇಟು ತೆಗೆದು ಆ ಕಡೆಯ ಬಾಗಿಲಿನಿಂದ ಬರಬೇಕು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಮೊದಲು ಆ ಗೇಟಿಗೆ ಗಂಡಾಳೊಬ್ಬನಿದ್ದ. ಅವನಿಗೆ ಹೆದರಿ ಹೆಂಗಸರು ಬರುತ್ತಲೇ ಇರಲಿಲ್ಲವಾದ್ದರಿಂದ ಸಾವ್ಕಾರನ ಅರ್ಧ ಡೇರೆ ಖಾಲಿ ಬೀಳುತ್ತಿತ್ತು. ಮಕ್ತುಂಬೀ ಹಗಲು ಬಳೆಯ ಮಲಾರ ಹೊತ್ತು ಓಣಿ ಓಣಿ ತಿರುಗುವವಳು. ಅತ್ತ ಪಾಮನಕಲ್ಲೂರು, ಇತ್ತ ಜವಳಗೇರಾದ ತನಕ ಆಕೆ ಕೈ ಹಿಡಿಯದ ಹೆಣ್ಣುಮಗಳಿರಲಿಲ್ಲ. ಸಾವ್ಕಾರನ ಹೆಂಡತಿ ಬಳೆ ಇಡಿಸಿಕೊಳ್ಳುತ್ತ ಈಕೆಯನ್ನೇ ಗೇಟಿಗೆ ಹಾಕಬಾರದೇಕೆ ಎಂದಳಂತೆ. ಆ ವಾರದಿಂದ ಆಚೆಯ ಅರ್ಧವೂ ತುಂಬಿತು. ಒಂದೇ ಕೊರತೆಯೆಂದರೆ ಗೇಟು ಕಾಯುವವಳು ಗೇಟಿನ ಕಡೆಗೇ ಮುಖ ಮಾಡಿ ಕೂರಬೇಕು. ವರ್ಷಗಟ್ಟಲೆ ದಿನಕ್ಕೆರಡು ಆಟಕ್ಕೆ ಹಾಜರಿದ್ದ ಮಕ್ತುಂಬೀ ಒಂದು ಚಿತ್ರವನ್ನೂ ಕಣ್ಣಿನಿಂದ ನೋಡಿರಲಿಲ್ಲ. ಎಲ್ಲವನ್ನೂ ಬೆನ್ನಿನಿಂದ ಕೇಳಿದ್ದಳು.

ನಾನು ಮೂರನೆಯದೋ ನಾಲ್ಕನೆಯದೋ ತರಗತಿಯಲ್ಲಿದ್ದಾಗ ನಿಂಗರಾಜನ ಮೊದಲ ಚಿತ್ರ ಬಂತು. ಪೋಸ್ಟರಿನ ಮೇಲೆ ಅದಕ್ಕೆ ಬೇರೇನೋ ದೊಡ್ಡ ಹೆಸರಿತ್ತು. ನಮ್ಮ ಊರಿಗೆ ಅದು ‘ಸಣ್ಣ ನಿಂಗ್ಯಾ’. ಅದರಲ್ಲಿ ಚಡ್ಡಿ ಜಾರುವ ಒಬ್ಬ ಹುಡುಗ, ಕಳೆದುಹೋದ ಅವನ ಟಗರು, ಲಗೋರಿಯಲ್ಲಿ ಅವನನ್ನು ಪ್ರತಿ ಸಲ ಸೋಲಿಸುವ ಸಾವಿತ್ರಿ ಎಂಬ ಹುಡುಗಿ. ನಮ್ಮ ಬಾಯಲ್ಲಿ ಆಕೆ ಸಾವಂತ್ರಿ. ಟಗರು ಸಿಕ್ಕಾಗ ಮಣ್ಣಿನ ಗೋಡೆಯ ಎರಡೂ ಕಡೆ ಶಿಳ್ಳೆ ಬಿದ್ದವು. ನಾನು ಆಗ ಹೆಂಗಸರ ಕಡೆಯೇ ಇದ್ದೆ, ಬೇಕಿಲ್ಲದಿದ್ದರೂ ಎಲ್ಲರಂತೆ ಮೊಣಕಾಲು ಮಡಿಸಿ ಮಕ್ತುಂಬೀಯ ಕೈ ದಾಟಿದ್ದೆ. ಪಕ್ಕದ ಮನೆಯ ಬಸ್ಸಪ್ಪ ಕಾಕಾನ ಮಗಳು ಕನಕಮ್ಮ ನನ್ನ ಬಲಕ್ಕೆ ಕುಳಿತು, ಸಾವಂತ್ರಿ ಗೆದ್ದಾಗಲೆಲ್ಲ ನನ್ನ ತೊಡೆಗೆ ಹೊಡೆಯುತ್ತಿದ್ದಳು.

ಕೆಲವು ವರ್ಷ ಬಿಟ್ಟು ಎರಡನೆಯದು ಬಂತು, ಅದೇ ಹುಡುಗ, ಅದೇ ಹುಡುಗಿ, ಇಬ್ಬರೂ ಬೆಳೆದಿದ್ದರು. ಇದು ‘ಸೈಕಲ್ ನಿಂಗ್ಯಾ’. ಅವನ ದನಿ ಒಡೆದಿತ್ತು, ನಮ್ಮದೂ ಒಡೆದಿತ್ತು. ಅವನ ಮುಖದ ಮೇಲೆ ಮೊಡವೆ. ನಮ್ಮ ಮುಖದ ಮೇಲೂ. ಇದನ್ನು ಮಾಡಿದವರು ಯಾರೋ ನಮ್ಮ ಓಣಿಯಲ್ಲೇ ಮನೆ ಮಾಡಿಕೊಂಡು ನಮ್ಮನ್ನು ನೋಡಿ ಬರೆಯುತ್ತಿದ್ದಾರೆ ಎಂದು ನನ್ನ ಗೆಳೆಯ ವೆಂಕೋಬ ಗಟ್ಟಿಯಾಗಿ ನಂಬಿದ್ದ. ಸಲ ಸಲಕ್ಕೂ ಮೊಣಕಾಲು ಮಡಿಸುತ್ತಿದ್ದ ನಾವು ಈ ಸಲ ಮಕ್ತುಂಬೀಯ ಮುಂದೆ ತುದಿಗಾಲಿನ ಮೇಲೆ ನಿಂತೆವು, ಬಳೆ ಘಲ್ಲೆನ್ನಲಿ ಎಂದು. ವೆಂಕೋಬನದು ಘಲ್ಲೆಂದಿತು. ನನ್ನದು ಎನ್ನಲಿಲ್ಲ. ಆಕೆ ನನ್ನ ಮುಖ ನೋಡಿದಳು, ಕೈಯನ್ನು ತಾನೇ ತುಸು ಕೆಳಗಿಳಿಸಿ ಬಳೆಯನ್ನು ನನ್ನ ತಲೆಗೆ ತಾಗಿಸಿ, ಗಂಡಸರ ಬಾಗಿಲು ಆ ಕಡೆ ಅದ ನೋಡಪ್ಪ ಎಂದಳು. ನಾನು ಗಂಡಸಾದದ್ದು ಹೀಗೆ, ರಿಯಾಯಿತಿಯಲ್ಲಿ.

ಚಿತ್ರದ ನಿಂಗರಾಜ ಹತ್ತನೆಯ ತರಗತಿ ಪಾಸಾದ. ನಾನು ಆಗಲಿಲ್ಲ. ಅವನ ವಿಷಯದಲ್ಲಿ ನನಗಿದ್ದ ಏಕಮಾತ್ರ ಬೇಸರ ಅದು.

ಮೂರನೆಯದಾದ ‘ಮೀಸಿ ನಿಂಗ್ಯಾ’ ಬರುವ ಹೊತ್ತಿಗೆ ನಾನು ಎರಡನೇ ಏಟಿಗೆ ಪಾಸಾಗಿ ಲಿಂಗಸುಗೂರಿನ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ನಿಂಗರಾಜ ಪಟ್ಟಣದ ಕಾಲೇಜು ಸೇರಿದ್ದ, ಹೊಡೆದಾಡುತ್ತಿದ್ದ, ಹಾಡುತ್ತಿದ್ದ. ನಮಗೆ ಎದೆ ಉಬ್ಬಿತು. ಮರುದಿನ ನಲ್ಲಿಯ ಹತ್ತಿರ ಕನಕಮ್ಮ ಸಿಕ್ಕಳು. ಆಕೆಯನ್ನು ಶಾಲೆ ಬಿಡಿಸಿ ಎರಡು ವರ್ಷವಾಗಿತ್ತು. ಟಾಕೀಸಿಗಂತೂ ಕಳಿಸುತ್ತಲೇ ಇರಲಿಲ್ಲ.

"ಪಿಚ್ಚರ್‌ನ್ಯಾಗ ಸಾವಂತ್ರಿ ಏನಾದ್ಲೋ?" ಎಂದಳು.

"ಇದ್ಲು."

"ಇದ್ಲು ಅಂದ್ರ?"

"ಒಂದ್ಸಲ ಅತ್ಲು. ಆಮ್ಯಾಲೆ ನಿಂಗ್ಯಾ ಒಬ್ಬಾವನ್ನ ಸಂತ್ಯಾಗ ಎತ್ತಿ ಒಗದ ನೋಡು, ಉಳ್ಳಾಗಡ್ಡಿ ಚೀಲದ ಮ್ಯಾಲ."

"ನಿನಗ ಉಳ್ಳಾಗಡ್ಡಿ ಚೀಲ ಕಂಡಾವ. ಹೋಗು, ನಿನ್ನ ಕೊಡ ತುಂಬ್ಯಾದ, ಎತ್ತು."

ಆಕೆ ವೆಂಕೋಬನನ್ನೂ ಕೇಳಿದಳು, ಅವನ ತಮ್ಮನನ್ನೂ ಕೇಳಿದಳು. ಇಡೀ ಮಸ್ಕಿಯ ಗಂಡುಹುಡುಗರು ಆ ಚಿತ್ರವನ್ನು ನೋಡಿದ್ದೆವು, ಕೆಲವರು ನಾಲ್ಕು ನಾಲ್ಕು ಸಲ. ಸಾವಂತ್ರಿಗೆ ಏನಾಯಿತೆಂದು ಒಬ್ಬನೂ ನೋಡಿರಲಿಲ್ಲ. ಕೊನೆಗೆ ಹುಡುಗಿಯರು ಬಳೆ ಇಡಲು ಬಂದ ಮಕ್ತುಂಬೀಯನ್ನೇ ಹಿಡಿದರು. ಆಕೆ ತನ್ನ ಬೆನ್ನಿಗೆ ಗೊತ್ತಿದ್ದಷ್ಟನ್ನು ಹೇಳಿದಳು. ಅಪ್ಪ ಬೈದ, ಹುಡುಗಿ ಅತ್ತಳು, ಬಾಗಿಲು ಹಾಕಿದ ಸಪ್ಪಳವಾಯಿತು, ಆಮೇಲೆ ಒಂದು ಬಸ್ಸು ಹೊರಟಿತು. ಬಸ್ಸಿನಲ್ಲಿ ಹುಡುಗಿ ಇದ್ದಳೋ ಇಲ್ಲವೋ, ಬೆನ್ನಿಗೆ ಕಾಣದು.

ಮಕ್ತುಂಬೀಗೆ ಹೊಳೆದದ್ದು ಆಗ. ಗೋಡೆಯ ಈ ಕಡೆ ಸಣ್ಣ ನಿಂಗ್ಯಾ ನೋಡಿದ ಹುಡುಗರೇ ಮೀಸೆ ಹೊತ್ತು ಮೀಸಿ ನಿಂಗ್ಯಾ ನೋಡಲು ಬಂದಿದ್ದರು. ಆ ಕಡೆ ಮಾತ್ರ ಮುದುಕಿಯರು, ಕಂಕುಳ ಕೂಸುಗಳು. ಲಗೋರಿಗೆ ಚಪ್ಪಾಳೆ ತಟ್ಟಿದ ಹುಡುಗಿಯರು ಯಾರೂ ಇರಲಿಲ್ಲ. ಹಗಲು ಆಕೆಯೇ ಅವರ ಕೈಗೆ ಒಂದೊಂದು ಅಳತೆ ದೊಡ್ಡ ಬಳೆ ಇಟ್ಟು ಬರುತ್ತಿದ್ದಳು. ಸಾವಂತ್ರಿ ಪರದೆಯ ಮೇಲೆ ಬೆಳೆಯುತ್ತಿದ್ದಳು, ಇವರು ಪರದೆಯಿಂದ ದೂರ ಬೆಳೆಯುತ್ತಿದ್ದರು.

ತೊಂಬತ್ತೊಂದರ ಚಳಿಗಾಲಕ್ಕೆ ನಾಲ್ಕನೆಯದರ ಸುದ್ದಿ ಬಂತು. ಸಿಂಧನೂರಿನಲ್ಲಿ ನಡೆಯುತ್ತಿದೆ, ಅಲ್ಲಿಂದ ರೀಲಿನ ಡಬ್ಬಿ ಮಸ್ಕಿಗೆ, ಮೂರು ದಿನ ಬಿಟ್ಟು ಲಿಂಗಸುಗೂರಿಗೆ. ಇದೇ ಕೊನೆಯದಂತೆ ಎಂಬ ಮಾತೂ ಇತ್ತು. ಅದೇ ಹೊತ್ತಿಗೆ ಕನಕಮ್ಮನ ಮದುವೆ ಜವಳಗೇರಾಕ್ಕೆ ಗೊತ್ತಾಗಿತ್ತು. ಬಳೆ ಆರಿಸಲು ಬಂದ ಮಕ್ತುಂಬೀಯ ಮುಂದೆ ಆಕೆ ಕೈ ಚಾಚಿದವಳು ಬಳೆಯ ಕಡೆ ನೋಡಲೇ ಇಲ್ಲವಂತೆ. "ಅತ್ತಿ, ಯಾವ ಬಣ್ಣದ್ದು ಇಟ್ರೂ ಆತು. ಹೋಗೂಕಿಂತ ಮುಂಚೆ ಆಕಿ ಏನಾದ್ಲು ಅಂತ ಒಂದು ನೋಡಿ ಹೋಗ್ತೀನಿ" ಎಂದಳಂತೆ. ಮಕ್ತುಂಬೀ ಇದನ್ನು ನಮ್ಮ ಅವ್ವನ ಮುಂದೆ ಹೇಳುವಾಗ ಕಣ್ಣೀರು ಗಿಣ್ಣೀರು ಏನೂ ಹಾಕಲಿಲ್ಲ. ಕೈ ಹಿಡಿದುಕೊಂಡು ಕೇಳಿದವರಿಗೆ ಇಲ್ಲ ಅನ್ನುವ ಅಭ್ಯಾಸ ತನ್ನ ಕಸುಬಿನಲ್ಲಿಲ್ಲ ಎಂದಷ್ಟೇ ಅಂದಳು.

ತೊಡಕು ಎರಡಿದ್ದವು. ವಯಸ್ಸಿಗೆ ಬಂದ ಹುಡುಗಿಯರನ್ನು ಕತ್ತಲಾದ ಮೇಲೆ ಟಾಕೀಸಿಗೆ ಕಳಿಸುವವರಿರಲಿಲ್ಲ. ಹಗಲು ಕಳಿಸೋಣವೆಂದರೆ ಹಗಲು ಟಾಕೀಸೇ ಇರಲಿಲ್ಲ. ಡೇರೆ ಎಂದಮೇಲೆ ನೂರು ತೂತು, ಸುತ್ತಲೂ ಸಂದು. ಹೊತ್ತು ಮುಳುಗಿದ ಮೇಲೆಯೇ ಮೊದಲ ಆಟ.

ಹಗಲು ಹೆಣ್ಣುಮಕ್ಕಳಿಗೇ ಒಂದು ಆಟ ಹಾಕಬೇಕು ಎಂದು ಆಕೆ ಕೇಳಿದಾಗ ಅಮರಗುಂಡಪ್ಪ ನಕ್ಕ. "ಹಗಲು ಪರದಿ ಮ್ಯಾಲ ಏನ್ ಕಾಣ್ತದ ಮಕ್ತುಂಬೀ? ಮಜ್ಜಿಗಿ ಚೆಲ್ಲಿದಂಗ ಕಾಣ್ತದ."

"ಪಿಚ್ಚರ್ ನೀವು ತರ್ರಿ ಸಾವ್ಕಾರ. ಕತ್ತಲಿ ನಾ ತರ್ತೀನಿ."

ಮರುದಿನದಿಂದ ಬಳೆಯ ಮಲಾರದೊಂದಿಗೆ ಆಕೆ ಮನೆ ಮನೆಗೆ ಒಂದು ಬೇಡಿಕೆಯನ್ನೂ ಹೊತ್ತು ತಿರುಗಿದಳು: ಒಂದು ಕೌದಿ ಕೊಡಿರಿ. ನಮ್ಮ ಕಡೆ ಹಳೆಯ ಸೀರೆ ಧೋತರಗಳನ್ನು ಪದರು ಪದರಾಗಿ ಇಟ್ಟು ಹೊಲಿದ ಕೌದಿ ಇಲ್ಲದ ಮನೆಯಿಲ್ಲ. ಅದರೊಳಗೆ ಚಳಿಯೂ ಹೋಗದು, ಬೆಳಕೂ ಹೋಗದು. ಮಗಳನ್ನು ಸಿನಿಮಾಕ್ಕೆ ಕಳಿಸಿರಿ ಎಂದು ಆಕೆ ಯಾರ ಮನೆಯಲ್ಲೂ ಬಾಯಿ ಬಿಡಲಿಲ್ಲ. ಕೌದಿ ಕೇಳಿದರೆ ಇಲ್ಲವೆನ್ನಲು ಹಿರಿಯರಿಗೆ ಕಾರಣ ಸಿಗಲಿಲ್ಲ. ಕೊಟ್ಟ ಮೇಲೆ ಅವರಿಗೇ ಚಿಂತೆ ಹತ್ತಿತು. ಅತ್ತೆ ಹೊಲಿದ ಕೌದಿ, ಅವ್ವ ಹೊಲಿದ ಕೌದಿ, ಅಷ್ಟು ಮಂದಿಯ ನಡುವೆ ಅದಲು ಬದಲಾದರೆ? ಮನೆಯವರು ಒಬ್ಬರಾದರೂ ಅದನ್ನು ಕಾಯಬೇಕಲ್ಲ. ಹೆಂಗಸರ ಆಟ, ಗಂಡಸರು ಒಳಗೆ ಹೋಗುವಂತಿಲ್ಲ. ಹೀಗಾಗಿ ಮಗಳು. ಅದೊಂದು ವಾರ ನಮ್ಮೂರಿನ ಎಷ್ಟೋ ಮರ್ಯಾದಸ್ತ ಮನೆತನಗಳು ಹೆಣ್ಣುಮಕ್ಕಳನ್ನು ಸಿನಿಮಾಕ್ಕೆ ಕಳಿಸದೆ ಕೌದಿ ಕಾಯಲು ಕಳಿಸುವ ನಿರ್ಧಾರಕ್ಕೆ ಬಂದವು.

ಆಪರೇಟರ್ ದಾದೇಸಾಬ ಗಂಡಸಲ್ಲವೇ ಎಂದು ಒಬ್ಬರು ತಕರಾರು ತೆಗೆದರು. ಅವನನ್ನು ತಗಡಿನ ಕೋಣೆಯಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕುವೆನೆಂದು ಮಕ್ತುಂಬೀ ಮಾತು ಕೊಟ್ಟಳು. ದಾದೇಸಾಬ ಒಂದು ಕೊಡ ನೀರು ಕೇಳಿ ಒಪ್ಪಿಕೊಂಡ.

ಒಪ್ಪದೆ ಉಳಿದವನು ಬಸ್ಸಪ್ಪ ಕಾಕಾ ಒಬ್ಬನೇ. ಯಾವ ಹುಡುಗಿಗಾಗಿ ಇದೆಲ್ಲ ನಡೆದಿತ್ತೋ ಆ ಹುಡುಗಿಯ ಅಪ್ಪ. ಕೆಟ್ಟವನಲ್ಲ, ಮಗಳ ಮದುವೆಗೆಂದು ಉಸಿರು ಹಿಡಿದುಕೊಂಡು ಕುಳಿತವನು. ನಮ್ಮ ಅಂಗಳಕ್ಕೆ ಕೇಳುವಂತೆ ಇಬ್ಬರ ಮಾತೂ ನಡೆಯಿತು.

"ಮದುವಿ ಗೊತ್ತಾದ ಹುಡುಗಿ, ಮಕ್ತುಂಬೀ. ನಾಳೆ ಜವಳಗೇರಾದಾಗ ಯಾರರ ಒಂದು ಮಾತು ಅಂದ್ರ ಉತ್ತರ ಕೊಡಾಕ ನೀ ಬರ್ತೀ ಏನು?"

"ಬರ್ತೀನಿ ಬಸ್ಸಪ್ಪಣ್ಣ. ಅಲ್ಲಿ ಬಳಿ ಇಡಾಕಿನೂ ನಾನ."

ಬಸ್ಸಪ್ಪ ಕಾಕಾ ಎಲೆಅಡಿಕೆ ಉಗುಳಿ ಒಳಗೆ ಹೋದ. ಕೌದಿ ಬರಲಿಲ್ಲ.

ಬುಧವಾರ ಬೆಳಗಿನ ಸಿಂಧನೂರು ಬಸ್ಸಿಗೆ ಚಿತ್ರದ ಡಬ್ಬಿ ಬಂತು. ಮೊದಲ ಆಟ ಮಧ್ಯಾಹ್ನ, ಹೆಂಗಸರಿಗೆ, ಗಂಡಸರಿಗೆ ಸಂಜೆ. ನಿಂಗರಾಜನನ್ನು ತನ್ನ ಸ್ವಂತ ಆಸ್ತಿಯೆಂದು ತಿಳಿದಿದ್ದ ನಮ್ಮ ಗುಂಪಿಗೆ ಇದು ದೊಡ್ಡ ಅಪಮಾನವಾಗಿತ್ತು. ಆದರೂ ಮಕ್ತುಂಬೀ ಕರೆದಾಗ ಒಬ್ಬನೂ ಇಲ್ಲವೆನ್ನಲಿಲ್ಲ. ಆಕೆಯ ಕೈಯಲ್ಲಿ ಗಂಡಸರಾದವರು ನಾವು. ಏಣಿ ಹತ್ತಿ, ಹಗ್ಗ ಎಳೆದು, ಡೇರೆಯ ಮೈತುಂಬ ಕೌದಿ ಕಟ್ಟಿದೆವು. ಹಸಿರು, ಕೆಂಪು, ಯಾರದೋ ಮದುವೆಯ ಸೀರೆಯ ಅಂಚು, ಯಾರದೋ ಧೋತರದ ತುಂಡು. ಕಟ್ಟಿ ಮುಗಿದಾಗ ಟಾಕೀಸು ಜ್ವರ ಬಂದು ಹೊದ್ದು ಕುಳಿತ ಆನೆಯ ಹಾಗೆ ಕಾಣುತ್ತಿತ್ತು.

ಹುಡುಗಿಯರು ಬಂದರು. ಎದೆಗೆ ಕೂಸು ಅವಚಿಕೊಂಡು ತವರಿಗೆ ಬಂದಿದ್ದವರೂ ಬಂದರು, ಸೆರಗು ಹೊದ್ದವರು, ಬುರ್ಖಾ ಹಾಕಿದವರು. ಅಂದು ನಡುವಿನ ಮಣ್ಣಿನ ಗೋಡೆಗೆ ಅರ್ಥವಿರಲಿಲ್ಲ. ಎರಡೂ ಕಡೆ ತುಂಬಿತು. ದಾದೇಸಾಬ ದೀಪ ಹಾಕಿ ನೋಡಿದ. ಮೇಲೆ ಒಂದು ಹರಕು ಉಳಿದಿತ್ತು. ಅಲ್ಲಿಂದ ಬಿಸಿಲಿನ ಕೋಲೊಂದು ಇಳಿದು ನೇರ ಪರದೆಯ ನಡುವಿಗೆ ಬೀಳುತ್ತಿತ್ತು. ತಂದ ಕೌದಿಗಳೆಲ್ಲ ಮುಗಿದಿದ್ದವು. ಅಮರಗುಂಡಪ್ಪ ತಲೆ ಕೆರೆದುಕೊಂಡು, ಇನ್ನೊಂದು ತಾಸಿಗೆ ಬಿಸಿಲು ಇನ್ನೂ ಕೆಳಗಿಳಿದು ಪರದೆ ಪೂರ್ತಿ ಹೋಗುತ್ತದೆ, ವಾಪಸು ಕಳಿಸೋಣ ಎಂದ.

ಮಕ್ತುಂಬೀ ನನ್ನನ್ನು ಬಸ್ಸಪ್ಪ ಕಾಕಾನ ಮನೆಗೆ ಅಟ್ಟಿದಳು. ಹೇಳಬೇಕಾದ ಮಾತನ್ನೂ ಬಾಯಿಪಾಠ ಮಾಡಿಸಿದಳು. ನಾನು ಹಾಗೆಯೇ ಒಪ್ಪಿಸಿದೆ.

"ಕಾಕಾ, ಒಂದು ಕೌದಿ ಕಡಿಮಿ ಬಿದ್ದದ. ಊರಿನ ಹೆಣ್ಮಕ್ಕಳೆಲ್ಲ ಕುಂತಾರ. ಎದ್ದು ವಾಪಸ್ ಹೋಗಬೇಕಾದ್ರ, ಯಾರ ಮನೀದು ಕಡಿಮಿ ಬಿತ್ತು ಅಂತ ಮಕ್ತುಂಬೀ ತಾನಾಗಿ ಹೇಳಂಗಿಲ್ಲಂತ. ಆದ್ರ ಮಂದಿ ಕೇಳ್ತಾರಂತ."

ಬಸ್ಸಪ್ಪ ಕಾಕಾ ಎದ್ದು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಆಮೇಲೆ ಅಟ್ಟ ಹತ್ತಿ ತನ್ನ ತಾಯಿ ಹೊಲಿದ ಕೌದಿಯನ್ನು ಇಳಿಸಿದ. ಇಡೀ ಮನೆ ಮಂದಿ ಹೊದ್ದು ಮಲಗುವಂಥ, ಒದ್ದೆ ಮಾಡಿದರೆ ಎತ್ತಲು ಜೋಡೆತ್ತು ಬೇಕಾಗುವಂಥ ಕೌದಿ. ಒಂದು ತುದಿ ಅವನು ಹಿಡಿದ, ಇನ್ನೊಂದನ್ನು ನನಗೆ ಕೊಟ್ಟ. ಅಂಗಳ ದಾಟುವಷ್ಟರಲ್ಲಿ ನನ್ನ ತುದಿ ಧೂಳಿನಲ್ಲಿ ಎಳೆಯತೊಡಗಿತ್ತು. ನನ್ನ ತೋಳಿನ ವಿಷಯದಲ್ಲಿ ನಾನು ಹೆಚ್ಚೇನೂ ಹೇಳುವುದಿಲ್ಲ. ಲಿಂಗಸುಗೂರಿನ ಬಸ್ ಕಂಡಕ್ಟರ್ ಕೂಡ ಅರ್ಧ ಟಿಕೇಟು ಕೊಡಲೇ ಎಂದು ಒಮ್ಮೆ ಕೇಳಿದ್ದ.

"ನಮ್ಮವ್ವನ ಕೌದಿ ಮಣ್ಣಾಗ ಎಳೀತಿಯಲ್ಲಲೇ. ಬಿಡು. ಕನಕಾ, ಬಾ ಇಲ್ಲಿ, ಈ ಕಡಿ ಹಿಡಿ."

ಒಳಗಿನಿಂದ ಕನಕಮ್ಮ ಬಂದಳು. ಆ ಮಾತಿಗಾಗಿ ಬಾಗಿಲ ಹಿಂದೆಯೇ ನಿಂತಿದ್ದಳೋ ಏನೋ, ಅಷ್ಟು ಬೇಗ.

ಡೇರೆಯ ಹತ್ತಿರ ಬಸ್ಸಪ್ಪ ಕಾಕಾ ನಮ್ಮ ಯಾರನ್ನೂ ನಂಬದೆ ತಾನೇ ಏಣಿ ಹತ್ತಿದ. ಕೆಳಗಿನಿಂದ ಕನಕಮ್ಮ ಮೂಲೆ ಮೂಲೆ ಎತ್ತಿ ಕೊಟ್ಟಳು. ಹರಕಿನ ಮೇಲೆ ಕೌದಿ ಹರವಿ, ಹಗ್ಗ ಬಿಗಿದು, ಗಂಟಿನ ಮೇಲೆ ಗಂಟು ಹಾಕಿದ. ಕೊನೆಯ ಗಂಟು ಬೀಳುತ್ತಲೂ ಒಳಗೆ ಕತ್ತಲಾಯಿತು, ಅಷ್ಟೂ ಹೆಂಗಸರು ಒಮ್ಮೆಲೇ ಹೋ ಎಂದರು, ಯಂತ್ರ ಗರಗರ ಎಂದಿತು. ಅವನು ಇಳಿದು ನೋಡಿದರೆ ಮಗಳಿಲ್ಲ.

"ಎಲ್ಲಿ ಆಕಿ?"

ಗೇಟಿನ ಅರಿವೆ ಎಳೆದು ಸ್ಟೂಲಿನ ಮೇಲೆ ಕುಳಿತಿದ್ದ ಮಕ್ತುಂಬೀ ತಲೆಯೆತ್ತದೆ ಹೇಳಿದಳು: "ನಿಮ್ಮವ್ವನ ಕೌದಿ ಕಾಯಾಕ ಹೋಗ್ಯಾಳ."

ಬಸ್ಸಪ್ಪ ಕಾಕಾ ಒಮ್ಮೆ ಏಣಿಯನ್ನು ನೋಡಿದ, ಒಮ್ಮೆ ಆಕೆಯನ್ನು ನೋಡಿದ. ತಾನೇ ಕತ್ತಲು ಮಾಡಿಕೊಟ್ಟ ಮೇಲೆ ಬೈಯುವುದಾದರೂ ಯಾರನ್ನು? ಬಂದು ನಮ್ಮ ಜೊತೆ ಮರಳಿನ ಮೇಲೆ ಕುಳಿತ.

ನಿಂಗರಾಜನ ಕೊನೆಯ ಚಿತ್ರವನ್ನು ನಾವು ಮೊದಲು ಕೇಳಿದ್ದು ಹೀಗೆ, ಕೌದಿಯ ಈಚೆಯಿಂದ. ನಾವು ನಗುವ ಜಾಗದಲ್ಲಿ ಒಳಗೆ ನಗಲಿಲ್ಲ. ನಿಂಗರಾಜ ದೊಡ್ಡ ದನಿಯಲ್ಲಿ ಪ್ರೀತಿಯ ಮಾತಾಡಿದಾಗ ಒಳಗೆ ಕಿಸಕ್ಕನೆ ನಕ್ಕರು. ಹೊಡೆದಾಟದ ಸಪ್ಪಳ ಬಂದಾಗ ಕೂಸುಗಳಿಗೆ ಹಾಲು ಕುಡಿಸುವವರು ಹಾಲು ಕುಡಿಸಿಕೊಂಡರು, ಮಾತಾಡುವವರು ಮಾತಾಡಿಕೊಂಡರು. ಮತ್ತೆ ಒಂದು ಹೆಣ್ಣು ದನಿ, ಮೆಲ್ಲಗೆ. ಅಷ್ಟು ಮಂದಿಯಿದ್ದ ಡೇರೆಯಲ್ಲಿ ಕೂಸುಗಳೂ ಅಳುವುದನ್ನು ಬಿಟ್ಟಂತೆ ಆಯಿತು.

"ಈಗ ಮಾತಾಡಿದಾಕಿ ಆ ಹುಡುಗಿ ಏನು?" ಬಸ್ಸಪ್ಪ ಕಾಕಾ ನನ್ನನ್ನು ಕೇಳಿದ.

ಹೌದು ಎಂದೆ. ಏನು ಮಾಡುತ್ತಿದ್ದಾಳೆ ಎಂದ. ನೀರಿನ ಸಪ್ಪಳ ಬರುತ್ತಿತ್ತು. ಕೈ ತೊಳೆಯುತ್ತಿದ್ದಾಳೆಂದು ತೋರುತ್ತದೆ ಎಂದು ವೆಂಕೋಬ ಹೇಳಿದ. ಅದಕ್ಕಿಂತ ಹೆಚ್ಚು ನಮಗೆ ಗೊತ್ತಾಗಲಿಲ್ಲ.

ಆಟ ಮುಗಿದ ಗಂಟೆ ಬಾರಿಸಿತು. ಬಸ್ಸಪ್ಪ ಕಾಕಾ ಎದ್ದು, ಮಣ್ಣು ಕೊಡವಿಕೊಂಡು, ಏಣಿ ಹತ್ತಿ ಒಂದು ಗಂಟು ಬಿಚ್ಚಿದ. ಒಳಗೆ ಗದ್ದಲವೆದ್ದಿತು. ಹೆಂಗಸರು ಏಳಲು ತಯಾರಿರಲಿಲ್ಲ, ಕೊನೆಯ ರೀಲನ್ನು ಇನ್ನೊಮ್ಮೆ ಹಾಕಬೇಕೆಂದು ಕುಳಿತುಬಿಟ್ಟಿದ್ದರು. ಹೊರಗಿನಿಂದ ಚಿಲಕ ಹಾಕಿಸಿಕೊಂಡಿದ್ದ ದಾದೇಸಾಬನಿಗೆ ಓಡಿಹೋಗುವ ದಾರಿಯೂ ಇರಲಿಲ್ಲ, ರೀಲು ಹಿಂದಕ್ಕೆ ಸುತ್ತಿ ಮತ್ತೆ ಹಚ್ಚಿದ. ಗೇಟಿನ ಅರಿವೆ ಸರಿಸಿ ಕನಕಮ್ಮ ಹೊರಬಂದಳು. ಮುಖದ ಮೇಲೆ ಬೆವರು, ಕಣ್ಣಿಗೆ ಬಿಸಿಲು ಚುಚ್ಚಿ ಕೈ ಅಡ್ಡ ಹಿಡಿದಿದ್ದಳು. ಅಷ್ಟು ಮಂದಿಯ ಎದುರು ಆಕೆ ಅಪ್ಪನ ಜೊತೆ ಮಾತಾಡಿದ್ದನ್ನು ನಾನು ಮೊದಲು ನೋಡಿದ್ದು ಅಂದೇ.

"ಅಪ್ಪಾ, ಈಗ ಬಿಚ್ಚಬ್ಯಾಡ. ಕಡೀ ರೀಲು ಇನ್ನೊಮ್ಮಿ ನೋಡ್ತೀನಿ."

ಬಸ್ಸಪ್ಪ ಕಾಕಾ ಕೌದಿಯ ಮೂಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೆಳಗೆ ನೋಡಿದ.

"ಬಿಸಿಲು ಬೀಳಾಕತ್ತದೇನು ಒಳಗ?"

"ಆಕಿ ಮಾರಿ ಮ್ಯಾಲ ಬೀಳಾಕತ್ತದ."

ಅವನು ಮೂಲೆಯನ್ನು ಎಳೆದು ಮತ್ತೆ ಗಂಟು ಹಾಕಿದ. ಆ ರೀಲು ಮುಗಿಯುವ ತನಕ ಏಣಿಯಿಂದ ಇಳಿಯಲಿಲ್ಲ. ಗಾಳಿಗೆ ಹಾರದಂತೆ ಕೌದಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

ಸಂಜೆಯ ಆಟಕ್ಕೆ ನಾವು ನುಗ್ಗಿದೆವು. ಬಸ್ಸು ಹತ್ತಿ ಹೋಗಿದ್ದ ಸಾವಂತ್ರಿ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ನೌಕರಿ ಹಿಡಿದ ನಿಂಗರಾಜ ಹುಡುಕಿಕೊಂಡು ಹೋಗಿ, ಎಲ್ಲ ಬಿಟ್ಟು ನನ್ನ ಜೊತೆ ಬಾ ಎನ್ನುತ್ತಾನೆ. ಆಕೆ ಅವನಿಗೆ ಚಹಾ ಕೊಡುತ್ತಾಳೆ, ಊರಿನವರನ್ನು ವಿಚಾರಿಸುತ್ತಾಳೆ, ತನಗೆ ಈಗ ಕೆಲಸವಿದೆ ಎನ್ನುತ್ತಾಳೆ, ಕೈ ತೊಳೆದು ವಾರ್ಡಿನೊಳಗೆ ಹೋಗುತ್ತಾಳೆ. ಅಲ್ಲಿಗೆ ಮುಗಿಯಿತು. ಗಂಡಸರ ಕಡೆ ದೊಡ್ಡ ರಂಪವಾಯಿತು. ಮದುವೆ ಎಲ್ಲಿ? ಮದುವೆಯ ರೀಲನ್ನು ಮಧ್ಯಾಹ್ನ ಹೆಂಗಸರಿಗೆ ತೋರಿಸಿ ನಮಗೆ ಮುಚ್ಚಿಟ್ಟಿದ್ದಾರೆ ಎಂದು ವೆಂಕೋಬನೇ ಎಲ್ಲರಿಗಿಂತ ಮುಂದೆ ನಿಂತು ವಾದಿಸಿದ. ನಾನೂ ಅವನ ಹಿಂದೆ ನಿಂತು ಗೋಣು ಹಾಕುತ್ತಿದ್ದೆ. ದಾದೇಸಾಬನ ತಗಡಿನ ಕೋಣೆಯನ್ನು ಬಡಿದು ಬಡಿದು ಸಾಕಾಗಿ ಗುಂಪು ಮಕ್ತುಂಬೀಯ ಸ್ಟೂಲಿನ ಮುಂದೆ ಬಂದು ನಿಂತಿತು.

ಆಕೆ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು.

"ಹೆಣ್ಮಕ್ಕಳು ಎರಡು ಸಲ ನೋಡಿ ಹೋದ್ರಪ್ಪ. ನೀವೂ ಇನ್ನೊಮ್ಮಿ ನೋಡ್ರಿ, ತಿಳೀತದ."

ನಾನು ಮರುದಿನ ಮತ್ತೆ ಹೋದೆ. ಯಾರಿಗೂ ಹೇಳದೆ ಹೋಗಿದ್ದೆ. ಒಳಗೆ ವೆಂಕೋಬ ಆಗಲೇ ಇದ್ದ, ನನ್ನನ್ನು ಕಂಡು ಮುಖ ಆ ಕಡೆ ತಿರುಗಿಸಿದ. ಮುಂದಿನ ಬೆಂಚಿನ ಮೇಲೆ, ಟವೆಲನ್ನು ಮಡಿಲಲ್ಲಿ ಮಡಿಸಿ ಇಟ್ಟುಕೊಂಡು, ಚಿತ್ರ ಶುರುವಾಗುವುದನ್ನು ಕಾಯುತ್ತ ಬಸ್ಸಪ್ಪ ಕಾಕಾ ಕುಳಿತಿದ್ದ.